ಜಪಾನಿ ವಿರಹಗೀತೆಗಳ ಪಟ್ಟಿ: ಮೂರು ತಿಂಗಳು ಕೇಳಿದ ಮೇಲೆ

ತಿಂಗಳ ಚಂದಾ ಕಟ್ಟಿ ಹಾಡು ಕೇಳುವ ಮೊಬೈಲ್ ಆ್ಯಪ್ ಒಂದರಲ್ಲಿ, ಪ್ರೀತಿ ಕೈತಪ್ಪಿದ ಹದಿಹರೆಯದವರಿಗೆಂದು ಜೋಡಿಸಿಟ್ಟ 50 ಜಪಾನಿ ಹಾಡುಗಳ ಪಟ್ಟಿಯೊಂದಿದೆ. ಮೂರು ತಿಂಗಳಿಂದ ನಾನು ಅದನ್ನು ಕೇಳುತ್ತಿದ್ದೇನೆ. ನನಗೆ 47 ವರ್ಷ. ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಜಪಾನಿ ಭಾಷೆಯ ಗಂಧಗಾಳಿಯೂ ನನಗಿರಲಿಲ್ಲ. ಈಗ ಒಂದು ವ್ಯಾಕರಣ ಪುಸ್ತಕ, ಒಂದು ನಿಘಂಟು ಇಟ್ಟುಕೊಂಡು ಹಾಡಿನ ಸಾಲೊಂದನ್ನು ಬಿಡಿಸಿ ನೋಡುವಷ್ಟು ಬಂದಿದೆ. ಪಟ್ಟಿಯನ್ನು ಜೋಡಿಸಿದವರ ಮನಸ್ಸಿನಲ್ಲಿ ನನ್ನಂಥವಳು ಇದ್ದಿರಲಾರಳು. ಆದರೂ ಮನೆಯಲ್ಲಿ ಹದಿನಾರು, ಹದಿನೇಳರ ಮಕ್ಕಳಿರುವವರಿಗೆ ಈ ವಿಮರ್ಶೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳು ಜಗಳೂರಿನಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ವಿದ್ಯಾನಗರದ ನಮ್ಮ ಮನೆಯಲ್ಲಿರುವುದು ಒಂದು ಹಜಾರ, ಎರಡು ಕೋಣೆ. ಅವಳ ಓದುವ ಮೇಜು ಹಜಾರದಲ್ಲಿ, ನಮ್ಮಮ್ಮನ ಮಂಚವೂ ಹಜಾರದಲ್ಲಿ. ದಸರೆ ರಜೆ ಮುಗಿಸಿಕೊಂಡು ಬಂದವಳು ಮಾತು ಕಡಿಮೆ ಮಾಡಿದಳು, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳತೊಡಗಿದಳು, ಕಿವಿಯಿಂದ ಇಯರ್‌ಫೋನ್ ಇಳಿಯುತ್ತಲೇ ಇರಲಿಲ್ಲ. ಒಂದು ಸಂಜೆ ಬ್ಲೂಟೂತ್ ಎಲ್ಲಿಂದ ಎಲ್ಲಿಗೆ ಕೂಡಿಕೊಂಡಿತೋ ಏನೋ, ಅವಳ ಕಿವಿಯೊಳಗೆ ಇರಬೇಕಾಗಿದ್ದ ಹಾಡು ಟಿವಿ ಪಕ್ಕದ ಸ್ಪೀಕರಿನಿಂದ ಹೊರಟು ಮನೆಯೆಲ್ಲ ತುಂಬಿತು. ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿ, ಎರಡು ನಿಮಿಷ ಕೇಳಿ, "ಯಾರೋ ತೀರಿಕೊಂಡಂಗೈತಲ್ಲವ್ವಾ ಈ ಹಾಡಿನಾಗೆ" ಎಂದರು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು, "ಅನಿಮೆ ಹಾಡಜ್ಜಿ" (ಅನಿಮೆ ಎಂದರೆ ಜಪಾನಿನ ಆನಿಮೇಶನ್ ಚಿತ್ರ) ಎಂದು ಥಟ್ಟನೆ ನಿಲ್ಲಿಸಿದಳು. ಆಮೇಲೆ ನಾನು ಬೇರೇನನ್ನೂ ಕೇಳದೆ ಹಾಡಿನ ಪಟ್ಟಿಯನ್ನಷ್ಟೇ ಕೇಳಿದೆ. "ನಿಮಗ್ಯಾಕೆ ದೊಡ್ಡಮ್ಮ ಇದು" ಎಂದಳು, ಆದರೆ ಕಳಿಸಿದಳು.

ಕೇಳಲು ಕೂತ ಮೊದಲ ವಾರದಲ್ಲೇ ಒಂದು ಸಂಗತಿ ನನಗೆ ಹೊಳೆಯಿತು. ನಮ್ಮಂಥ ಮನೆಗಳಲ್ಲಿ ಹದಿಹರೆಯದ ಹುಡುಗಿಗೆ ಅಳಲು ಜಾಗವಿಲ್ಲ. ಕನ್ನಡದ ವಿರಹಗೀತೆಯನ್ನು ಅವಳು ಎರಡು ಸಲ ಹಾಕಿದರೆ ಮೂರನೆಯ ಸಲಕ್ಕೆ ಯಾರಾದರೊಬ್ಬರು ಬಂದು "ಏನಾಯ್ತೇ" ಎನ್ನುತ್ತಾರೆ. ಹಿಂದಿ ಹಾಡಾದರೂ ಮನೆಮಂದಿಗೆ ಅರ್ಥವಾಗುತ್ತದೆ. ಇಂಗ್ಲಿಷ್ ಹಾಡಾದರೆ ಅಪ್ಪಂದಿರಿಗೆ ಅರ್ಥವಾಗುತ್ತದೆ. ಜಪಾನಿ ಹಾಡು ಯಾರಿಗೂ ಅರ್ಥವಾಗುವುದಿಲ್ಲ. ಕೋಣೆಯೇ ಇಲ್ಲದ ಹುಡುಗಿಗೆ ಆ ಭಾಷೆಯೇ ಚಿಲಕವಿರುವ ಕೋಣೆಯಾಗುತ್ತದೆ. ಇಂಥ ಹಾಡುಗಳಿಗೆ ನಮ್ಮ ಊರಿನ ಹಾಸ್ಟೆಲುಗಳಲ್ಲಿ, ಪಿಜಿಗಳಲ್ಲಿ ಇಷ್ಟೊಂದು ಕೇಳುಗರು ಹುಟ್ಟಿಕೊಂಡಿರುವುದಕ್ಕೆ ಅನಿಮೆಯೇ ಕಾರಣವೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಅನಿಮೆ ನಿರ್ದೇಶಕ ಶಿಂಕಾಯ್ ಮಕೊತೊ ಅವರ 'ವೆದರಿಂಗ್ ವಿತ್ ಯು' 2019ರಲ್ಲಿ, 'ಸುಝುಮೆ' 2023ರಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಆ ಹಾಡುಗಳೂ ಜೊತೆಗೆ ಬಂದವು. ಆದರೆ ಬಂದ ಹಾಡು ಉಳಿದುಕೊಳ್ಳಲು ಇನ್ನೊಂದು ಕಾರಣ ಬೇಕು, ಆ ಕಾರಣ ಈ ಚಿಲಕವೆಂದು ನನ್ನ ಊಹೆ.

ಮೊದಲು ಸೇವೆಯ ವಿಚಾರವನ್ನು ಹೇಳಿ ಮುಗಿಸುತ್ತೇನೆ. ಚಂದಾ ದುಬಾರಿಯಲ್ಲ, ಇಬ್ಬರು ಕೂತು ಒಂದೊಂದು ಬೆಣ್ಣೆ ದೋಸೆ ತಿಂದು ಕಾಫಿ ಕುಡಿದು ಎದ್ದರೆ ಆಗುವಷ್ಟೇ ಖರ್ಚು. ಚಂದಾ ಕಟ್ಟದೆಯೂ ಕೇಳಬಹುದು, ಆದರೆ ಆಗ ಎರಡು ಹಾಡಿಗೊಮ್ಮೆ ಜಾಹೀರಾತು ಬರುತ್ತದೆ. ಕೊನೆಯ ಸಲ ಕೈ ಬೀಸಿ ಹೋದವರ ಹಾಡು ಮುಗಿದು ಪಿಯಾನೊದ ಕೊನೆಯ ಸ್ವರ ಇನ್ನೂ ಕಿವಿಯಲ್ಲಿರುವಾಗಲೇ "ಐದೇ ನಿಮಿಷದಲ್ಲಿ ಸಾಲ" ಎಂದು ಗಂಟಲು ಹರಿಯುವಂತೆ ಕೂಗುವ ಆ ಧ್ವನಿಯನ್ನು ನಾನು ಮೊದಲ ಹತ್ತು ದಿನ ಸಹಿಸಿಕೊಂಡು, ಹನ್ನೊಂದನೆಯ ದಿನ ಹಣ ಕಟ್ಟಿದೆ. ಹುಡುಕುವ ಜಾಗದಲ್ಲಿ ಕನ್ನಡ ಲಿಪಿಯಲ್ಲಿ ಜಪಾನಿ ಹೆಸರು ಬರೆದರೆ ಏನೂ ಸಿಗುವುದಿಲ್ಲ. ರೋಮನ್ ಅಕ್ಷರಗಳಲ್ಲೇ ಬರೆಯಬೇಕು. ಧ್ವನಿಯ ಗುಣಮಟ್ಟ ಚೆನ್ನಾಗಿದೆ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್ ಮಾಡುತ್ತ ಕೇಳಿದಾಗಲೂ, ಹಳೆಯ ಮುದ್ರಣಗಳಲ್ಲಿ ಕೂಡ, ಗಾಯಕರು ಉಸಿರೆಳೆದುಕೊಳ್ಳುವ ಸದ್ದು ಸ್ಪಷ್ಟವಾಗಿ ಸಿಗುತ್ತದೆ. ಈ ಹಾಡುಗಳಲ್ಲಿ ಆ ಸದ್ದಿಗೆ ಬೆಲೆಯಿದೆ.

ಇನ್ನು ಹಾಡುಗಳು. ಪಟ್ಟಿಯ ಮೊದಲ ಹಾಡು ಉತಾದಾ ಹಿಕಾರು ಅವರ 'ಫಸ್ಟ್ ಲವ್', ಮತ್ತು ಅದನ್ನು ಮೊದಲಿಗಿಟ್ಟಿರುವುದು ಸರಿಯಾಗಿದೆ. ನ್ಯೂಯಾರ್ಕಿನಲ್ಲಿ 1983ರಲ್ಲಿ ಹುಟ್ಟಿದ ಉತಾದಾ ಅವರ ಇದೇ ಹೆಸರಿನ ಆಲ್ಬಂ 1999ರ ಮಾರ್ಚಿನಲ್ಲಿ ಹೊರಬಂದಾಗ ಅವರಿಗೆ 16 ವರ್ಷ. ಜಪಾನಿನಲ್ಲಿ 76 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಆ ಆಲ್ಬಂ ಇಂದಿಗೂ ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು. ತಾಯಿ ಫುಜಿ ಕೇಯ್ಕೊ ಎಂಕಾ ಗಾಯಕಿ. ಎಂಕಾ ಎಂದರೆ ಅಗಲಿಕೆ, ಮದ್ಯ, ಮಳೆ, ಬಂದರುಗಳ ದುಃಖವನ್ನು ಕಂಠ ನಡುಗಿಸಿ ಹಾಡುವ ಹಿರಿಯರ ಗಾಯನ. ಮಗಳ ಹಾಡಿನಲ್ಲಿ ಆ ನಡುಕವನ್ನು ತಗ್ಗಿಸಿ ಒಳಗೆ ಇಟ್ಟುಕೊಂಡಂತೆ ಕೇಳಿಸುತ್ತದೆ. ಕೊನೆಯ ಮುತ್ತಿನಲ್ಲಿ ತಂಬಾಕಿನ ರುಚಿಯಿತ್ತು ಎಂಬಲ್ಲಿಂದ ಹಾಡು ಶುರುವಾಗುತ್ತದೆ. ಹದಿನಾರರ ಹುಡುಗಿಯ ಬಾಯಲ್ಲಿ ಈ ಮಾತು ಬಂದದ್ದು ನನ್ನಂಥ ಅಧ್ಯಾಪಕಿಯರ ಹುಬ್ಬೇರಿಸಬೇಕು, ಏರಿಸಿತು ಕೂಡ. ಆದರೆ ಮುಂದಿನ ಸಾಲುಗಳಲ್ಲಿ ನಾಳೆ ಇಷ್ಟು ಹೊತ್ತಿಗೆ ನೀನು ಎಲ್ಲಿರುತ್ತೀಯೋ, ಯಾರನ್ನು ನೆನೆಯುತ್ತಿರುತ್ತೀಯೋ ಎಂದು ಆ ಹುಡುಗಿ ಯೋಚಿಸುತ್ತಾಳೆ. ಮೋಸ, ಶಾಪ, ಹಣೆಬರಹ ಯಾವುದರ ಮಾತೂ ಇಲ್ಲ. 'ನಾಳೆ ಇಷ್ಟು ಹೊತ್ತಿಗೆ' ಎಂಬ ಅಷ್ಟು ಸಣ್ಣ, ಅಷ್ಟು ಖಚಿತವಾದ ಕಾಲದ ಅಳತೆ ನನ್ನನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿತು. ಪ್ರೀತಿ ಮುರಿದ ಮೊದಲ ದಿನ ಯಾರೂ ಜನ್ಮಜನ್ಮಾಂತರದ ಲೆಕ್ಕ ಹಾಕುವುದಿಲ್ಲ, ನಾಳೆ ಇಷ್ಟು ಹೊತ್ತನ್ನು ಹೇಗೆ ದಾಟುವುದೆಂದು ನೋಡುತ್ತಾರೆ.

ಪಟ್ಟಿಯ ಒಳ್ಳೆಯ ಹಾಡುಗಳಿಗೆಲ್ಲ ಇದೇ ಗುಣವಿದೆ. ನಮ್ಮ ಸಿನಿಮಾಗಳ ವಿರಹಗೀತೆಗಳಲ್ಲಿ, ಮುಖ್ಯವಾಗಿ ಹುಡುಗರು ಹಾಡುವವುಗಳಲ್ಲಿ, ಬಿಟ್ಟುಹೋದವಳ ಮೇಲೆ ಒಂದು ದೂರು ಇದ್ದೇ ಇರುತ್ತದೆ, ಜೊತೆಗೆ ಒಂದು ಬಾಟಲಿಯೂ ಇರುತ್ತದೆ. ಇಲ್ಲಿ ದೂರು ಅಪರೂಪ. ಸಣ್ಣಕಥೆಗಳನ್ನು ಆಧರಿಸಿ ಹಾಡು ಕಟ್ಟುವ ಯೋಅಸೋಬಿ ಜೋಡಿಯ 2020ರ ಹಾಡೊಂದರ ಹೆಸರೇ 'ತಾಬುನ್', ಅಂದರೆ 'ಬಹುಶಃ'. ತಪ್ಪು ಯಾರದು ಎಂದು ಕೇಳಿಕೊಂಡು, ಯಾರದೂ ಅಲ್ಲ, ಬಹುಶಃ ಎಂದು ಅದು ಉತ್ತರಿಸಿಕೊಳ್ಳುತ್ತದೆ. ಆ 'ಬಹುಶಃ'ದಲ್ಲಿ ಇರುವ ಪ್ರಾಮಾಣಿಕತೆ ನಮ್ಮ ಹತ್ತು ಹಾಡುಗಳ ಆಣೆಪ್ರಮಾಣಗಳಲ್ಲಿ ನನಗೆ ಸಿಕ್ಕಿಲ್ಲ. ಒಫಿಷಿಯಲ್ ಹಿಗೆ ದಾಂದಿಸ್ಮ್ ತಂಡದ 'ಪ್ರಿಟೆಂಡರ್' (2019) ಒಮ್ಮುಖ ಪ್ರೀತಿಯ ಹಾಡು. ಗಾಯಕರ ಏರುಧ್ವನಿ ಬಹಳ ಜನಕ್ಕೆ ಹಿಡಿಸುತ್ತದೆ, ನನಗೆ ಸ್ವಲ್ಪ ಹೆಚ್ಚೇ ಹೊಳಪು ಕೊಟ್ಟ ಹಿತ್ತಾಳೆಯಂತೆ ಅನ್ನಿಸಿತು.

ಯೂರಿ ಎಂಬ ಗಾಯಕನ 'ಡ್ರೈ ಫ್ಲವರ್' 2020ರ ಅಕ್ಟೋಬರಿನಲ್ಲಿ ಬಂದು, 2021ರ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಜಪಾನ್ ವಾರ್ಷಿಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಹಾಡು. ಅದಕ್ಕೆ ಹಿಂದಿನ ವರ್ಷ ಇದೇ ಗಾಯಕ 'ಕಾಕುರೆಂಬೊ' ಎಂಬ ಹಾಡನ್ನು ಹಾಡಿದ್ದರು. ಕಾಕುರೆಂಬೊ ಎಂದರೆ ಕಣ್ಣಾಮುಚ್ಚಾಲೆ ಆಟ. ಅದು ಬಿಟ್ಟುಹೋದವಳನ್ನು ಹುಡುಕುವ ಹುಡುಗನ ಹಾಡು, 'ಡ್ರೈ ಫ್ಲವರ್' ಅದೇ ಅಗಲಿಕೆಯನ್ನು ಹುಡುಗಿ ಹೇಳುವ ಹಾಡು. ಎರಡನ್ನೂ ಹಾಡುವುದು ಒಬ್ಬನೇ ಗಂಡಸು. ಬ್ಯಾಕ್ ನಂಬರ್ ತಂಡದ 'ಹ್ಯಾಪಿ ಎಂಡ್' (2016) ಕೂಡ ಗಂಡಸಿನ ಕಂಠದಲ್ಲಿ ಹೆಣ್ಣಿನ ಮಾತು. ನನ್ನ ತಂಗಿಯ ಮಗಳಿಗೆ ಇದು ವಿಚಿತ್ರವೆನಿಸಿತ್ತಂತೆ. ವಚನ ಓದಿದವರಿಗೆ ವಿಚಿತ್ರವೆನಿಸಬಾರದು. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಗಂಡಸರೇ ಹೆಂಡತಿಯ ದನಿಯಲ್ಲಿ ನುಡಿದದ್ದು ನಮಗೆ ಹೊಸತಲ್ಲ; ಉರಿಲಿಂಗದೇವನ ವಚನಗಳನ್ನು ನಾನು ತರಗತಿಯಲ್ಲಿ ಓದಿಸುವಾಗ ಹುಡುಗರು ಮುಸಿಮುಸಿ ನಗುತ್ತಾರೆ, ನಾಲ್ಕನೆಯ ಸಾಲಿಗೆ ಸುಮ್ಮನಾಗುತ್ತಾರೆ. 'ಡ್ರೈ ಫ್ಲವರ್' ಹಾಡಿನ ಹುಡುಗಿ ಅವನ ದನಿ, ಮುಖ, ಒಡ್ಡುತನವನ್ನೆಲ್ಲ ಎಣಿಸಿ, ಈಗಲೂ ಬಹುಶಃ ಬೇಡವೆನಿಸುವುದಿಲ್ಲ ಎನ್ನುತ್ತಾಳೆ. ಬೇಕು ಎನ್ನುವುದಿಲ್ಲ, ಬೇಡವೆನಿಸುವುದಿಲ್ಲ ಎನ್ನುತ್ತಾಳೆ. ಇಷ್ಟು ಹಿಡಿತದಲ್ಲಿ ಮಾತಾಡುವ ಹುಡುಗಿಯನ್ನು ಗಂಡಸೊಬ್ಬ ತನ್ನ ಕಂಠದಲ್ಲಿ ಹೊರುವುದಕ್ಕೆ ಬೇರೆಯದೇ ಬಗೆಯ ಸಂಯಮ ಬೇಕು.

ಅನುವಾದದ ಬಗ್ಗೆ ನನಗಿರುವ ದೊಡ್ಡ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಆ್ಯಪ್ ಹಾಡಿನ ಸಾಹಿತ್ಯವನ್ನು ಪರದೆಯ ಮೇಲೆ ತೋರಿಸುತ್ತದೆ, ಅದರ ಕೆಳಗೆ ಯಂತ್ರ ಮಾಡಿದ ಇಂಗ್ಲಿಷ್ ಅನುವಾದವಿರುತ್ತದೆ. ಕನ್ನಡದ ಮಕ್ಕಳು ಜಪಾನಿ ಹಾಡನ್ನು ಇಂಗ್ಲಿಷಿನ ಮೂಲಕ ಅರ್ಥ ಮಾಡಿಕೊಳ್ಳುವುದು ಪಕ್ಕದ ಮನೆಗೆ ಊರು ಸುತ್ತಿ ಹೋದಂತೆ. ಕನ್ನಡದ ಹಾಗೆಯೇ ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಲ್ಲ ಎನ್ನುವುದೂ ಕೊನೆಯಲ್ಲೇ ತಿಳಿಯುತ್ತದೆ. ಕರ್ತೃಪದವನ್ನು ಬಿಟ್ಟು ಮಾತಾಡಬಹುದು. ಬಹುಪಾಲು ಪದಗಳು ಸ್ವರದಲ್ಲಿ ಮುಗಿಯುತ್ತವೆ. 'ಕಿಮಿ ಗಾ ಸುಕಿ' ಎಂಬ ಮಾತನ್ನು ಪದಕ್ಕೆ ಪದ ಇಟ್ಟು ನೋಡಿದರೆ 'ನೀನು ಇಷ್ಟ' ಎಂದಾಗುತ್ತದೆ. ನಾವೂ ಹಾಗೆಯೇ ಹೇಳುತ್ತೇವೆ. ಅಲ್ಲಿ 'ನಾನು' ಇಲ್ಲ, 'ಪ್ರೀತಿಸುತ್ತೇನೆ' ಎಂಬ ಕ್ರಿಯೆಯೂ ಇಲ್ಲ, ನೀನಿದ್ದೀಯ ಮತ್ತು ಇಷ್ಟವಿದೆ. ಇಂಗ್ಲಿಷ್ ಅನುವಾದ ಅದರ ಮುಂದೆ ಒಂದು ದೊಡ್ಡ 'ನಾನು' ತಂದು ನಿಲ್ಲಿಸಿ, ಇಡೀ ಭಾವವನ್ನು ಆ ನಾನಿನ ಸಾಹಸವನ್ನಾಗಿ ಮಾಡಿಬಿಡುತ್ತದೆ.

ಇದಕ್ಕಿಂತ ಒಳ್ಳೆಯ ಉದಾಹರಣೆ ನಿಶಿನೊ ಕಾನಾ ಅವರ 2010ರ ಹಾಡು. ಜಪಾನಿನ ಹುಡುಗಿಯರು ಮೊಬೈಲಿಗೆ ಹಾಡಿನ ತುಣುಕುಗಳನ್ನು ಇಳಿಸಿಕೊಂಡು ರಿಂಗ್‌ಟೋನ್ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಅವರಿಗೆ ಆರಾಧ್ಯಳಾಗಿದ್ದ ಗಾಯಕಿ ಈಕೆ. ಹಾಡಿನ ಹೆಸರು 'ಆಯ್ತಾಕುತೆ ಆಯ್ತಾಕುತೆ'. ಹಾಡು ನನಗೆ ಅಷ್ಟೇನೂ ಹಿಡಿಸಲಿಲ್ಲ, ಒಂದೇ ಭಾವವನ್ನು ಒಂದೇ ಎತ್ತರದಲ್ಲಿ ಎಳೆಯುತ್ತದೆ. ಆದರೆ ಆ ಹೆಸರನ್ನು ಬಿಡಿಸಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 'ಆಯ್ತಾಯ್' ಎಂದರೆ ನೋಡಬೇಕು ಅನ್ನಿಸುತ್ತದೆ, ಭೇಟಿಯಾಗಬೇಕು ಅನ್ನಿಸುತ್ತದೆ. ಅದಕ್ಕೆ 'ತೆ' ಹತ್ತಿದರೆ ನಮ್ಮ ಕೃದಂತಾವ್ಯಯದ ಹಾಗೆ ಮಾತು ಮುಂದಕ್ಕೆ ಬಾಗಿ ನಿಲ್ಲುತ್ತದೆ. ಎಂದರೆ ಹಾಡಿನ ಹೆಸರು 'ನೋಡಬೇಕೆನಿಸಿ, ನೋಡಬೇಕೆನಿಸಿ' ಎಂದು. ಅನಿಸಿ ಏನಾಯಿತು? ವಾಕ್ಯ ಮುಗಿಯಲೇ ಇಲ್ಲ. ಇದನ್ನು ಕನ್ನಡದಲ್ಲಿ ಹೇಳಿದರೆ ಎರಡನೆಯ ಪಿಯುಸಿಯ ಯಾವ ಹುಡುಗಿಗೂ ವಿವರಣೆ ಬೇಕಾಗದು. ಇಂಗ್ಲಿಷ್ ಅನುವಾದದಲ್ಲಿ ಅದು ಪೂರ್ಣವಿರಾಮವಿರುವ ಪುಟ್ಟ ಹೇಳಿಕೆಯಾಗಿ ಸತ್ತು ಬಿದ್ದಿದೆ. 'ಸಾಯೊನಾರಾ' ಎಂಬ ಎಲ್ಲರಿಗೂ ಗೊತ್ತಿರುವ ಪದದ ಮೂಲವೂ 'ಹಾಗಾದರೆ' ಎಂದು. "ಸರಿ ಹಾಗಾದ್ರೆ, ಬರ್ತೀನಿ" ಎಂದು ಹೊಸಿಲು ದಾಟುವ ನಮ್ಮ ಮಾತಿನ ಮೊದಲರ್ಧವನ್ನು ಅವರು ಇಟ್ಟುಕೊಂಡರು, 'ಬರ್ತೀನಿ' ಎಂಬ ಭರವಸೆ ಮಾತ್ರ ಅಲ್ಲಿಲ್ಲ.

ಸಂಗೀತದ ಕಟ್ಟಡದ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲೇ ಬಂದು ಕೂರುತ್ತದೆ, ಚರಣಗಳು ಅದರಿಂದ ಹೊರಟು ಅದಕ್ಕೇ ಮರಳುತ್ತವೆ. ಜಪಾನಿ ಹಾಡಿನಲ್ಲಿ ಅವರು ಎ-ಮೆಲೊ ಎನ್ನುವ ಭಾಗ ಮಾತಾಡುವ ದನಿಯಲ್ಲಿ ಶುರುವಾಗಿ, ಬಿ-ಮೆಲೊದಲ್ಲಿ ಮೆಟ್ಟಿಲು ಹತ್ತಿ, ಆಮೇಲೆ 'ಸಾಬಿ' ಎಂಬ ಶಿಖರಕ್ಕೆ ಬರುತ್ತದೆ. ಹಲವು ಹಾಡುಗಳಲ್ಲಿ ಕೊನೆಯ ಸಾಬಿಗೆ ಶ್ರುತಿಯನ್ನೇ ಒಂದು ಮೆಟ್ಟಿಲು ಏರಿಸುವುದೂ ಉಂಟು. ಅವರಲ್ಲಿ 'ರಾಜಮಾರ್ಗ' ಎಂದೇ ಹೆಸರಾದ ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸಾಲೊಂದಿದೆ (ನಮಗೂ ಒಂದು ರಾಜಮಾರ್ಗವಿದೆ, ಅದು ಕವಿಗಳದು). ನಮ್ಮ ಬೀದಿಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುವ ಮೇಷ್ಟ್ರು ಅದನ್ನು ನುಡಿಸಿ ತೋರಿಸಿದರು: ಮೊದಲ ಕಾರ್ಡು ಮಧ್ಯಮದ ಮೇಲೆ, ಆಮೇಲೆ ಪಂಚಮ, ಆಮೇಲೆ ಗಾಂಧಾರ, ಆಮೇಲೆ ಧೈವತ. ನಾಲ್ಕು ಹೆಜ್ಜೆಯಲ್ಲಿ ಒಮ್ಮೆಯೂ ಷಡ್ಜದ ಮೇಲೆ ಕೂರುವುದಿಲ್ಲ. ಮನೆಯ ಸುತ್ತ ಸುತ್ತಿ ಬಾಗಿಲಿಗೆ ಮಾತ್ರ ಬಾರದ ಈ ನಡಿಗೆ ಇಂಥ ಹಾಡುಗಳಲ್ಲಿ ಪದೇ ಪದೇ ಬರುತ್ತದೆ. ಮೇಷ್ಟ್ರು ನುಡಿಸುವಾಗ, ಕೊನೆಯ ಧೈವತದ ನಂತರ ಷಡ್ಜಕ್ಕಾಗಿ ಕಾದ ನನ್ನ ಕಿವಿ ಕಾಯುತ್ತಲೇ ಉಳಿಯಿತು.

ಹಳೆಯ ಹಾಡುಗಳ ಪೈಕಿ ಮಾತ್ಸುಬಾರಾ ಮಿಕಿ ಅವರ 'ಮಾಯೊನಾಕಾ ನೊ ದೊಆ' ಇದೆ. 1979ರ ನವೆಂಬರಿನಲ್ಲಿ, ಅವರಿಗೆ 19 ವರ್ಷವಿದ್ದಾಗ ಬಂದ ಹಾಡು. 2004ರಲ್ಲಿ ತೀರಿಕೊಂಡ ಅವರು, ತಮ್ಮ ಹಾಡನ್ನು 2020ರಲ್ಲಿ ಲೋಕದ ಮೂಲೆಮೂಲೆಯ ಹುಡುಗಹುಡುಗಿಯರು ಹೊಸ ಹಾಡೆಂಬಂತೆ ಕೇಳಿದ್ದನ್ನು ನೋಡಲಿಲ್ಲ. ಇದು ದುಃಖದ ಹಾಡಾದರೂ ಕಾಲು ತಾಳ ಹಾಕುತ್ತದೆ. ಸಪ್ಪೆಮುಖದ ಪಟ್ಟಿಯ ನಡುವೆ ಮಂಡಕ್ಕಿಯ ಜೊತೆ ಸಿಕ್ಕ ಮಿರ್ಚಿಯ ಹಾಗೆ.

ನನ್ನ ಅಭಿಪ್ರಾಯದಲ್ಲಿ ಪಟ್ಟಿಯ ಅತ್ಯುತ್ತಮ ಹಾಡು ಯಾಮಾಝಾಕಿ ಮಾಸಾಯೊಶಿ ಅವರ 'ಒನ್ ಮೋರ್ ಟೈಮ್, ಒನ್ ಮೋರ್ ಚಾನ್ಸ್'. 1997ರ ಹಾಡು ಇದು. ಹತ್ತು ವರ್ಷದ ಮೇಲೆ ಶಿಂಕಾಯ್ ಅವರ 'ಸೆಕೆಂಡಿಗೆ 5 ಸೆಂಟಿಮೀಟರ್' ಎಂಬ ಚಿತ್ರದ ಕೊನೆಯಲ್ಲಿ ಬಂದು ಇನ್ನೊಂದು ತಲೆಮಾರಿಗೆ ದಾಟಿತು. ಇಲ್ಲದವಳನ್ನು ಎದುರು ಪ್ಲಾಟ್‌ಫಾರ್ಮಿನಲ್ಲಿ, ಸಂದಿಯ ಕಿಟಕಿಯಲ್ಲಿ, ಅವಳು ಇರಲಾರದ ಜಾಗದಲ್ಲೆಲ್ಲ ಹುಡುಕುವುದೇ ಹಾಡಿನ ವಸ್ತು. ಉಪಮೆಯಿಲ್ಲ, ರೂಪಕವಿಲ್ಲ, ಬರಿಯ ಜಾಗಗಳು. ಚಿತ್ರದ ಕೊನೆಗೆ ರೈಲ್ವೆ ಗೇಟೊಂದರಲ್ಲಿ ಇಬ್ಬರು ಎದುರುಬದುರಾಗಿ ದಾಟುತ್ತಾರೆ. ಹುಡುಗ ತಿರುಗುವಷ್ಟರಲ್ಲಿ ನಡುವೆ ರೈಲು ಹಾಯುತ್ತದೆ. ರೈಲು ಹೋದ ಮೇಲೆ ಆಚೆ ಕಡೆ ಯಾರೂ ಇರುವುದಿಲ್ಲ. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸೈಕಲ್ ಹಿಡಿದು ಕಾದು ಬೆಳೆದ ನಮ್ಮ ತಲೆಮಾರಿಗೆ ಈ ದೃಶ್ಯಕ್ಕೆ ಟಿಪ್ಪಣಿ ಬೇಡ. ಗೇಟು ಬಿದ್ದಾಗ ಆಚೆ ಕಡೆ ನಿಂತವರನ್ನು ನೋಡಿಕೊಂಡು, ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸಿಕೊಂಡು ನಾವೂ ನಿಂತಿದ್ದೆವು. ಎಣಿಕೆ ಮುಗಿದಾಗ ಆಚೆಯವರು ಕೆಲವು ಸಲ ಇದ್ದರು, ಕೆಲವು ಸಲ ಇರಲಿಲ್ಲ.

ಪಟ್ಟಿಯನ್ನು ಜೋಡಿಸಿದವರು ಎಡವಿದ ಜಾಗಗಳೂ ಇವೆ. ಯೊನೆಝು ಕೆನ್ಶಿ ಅವರ 'ಲೆಮನ್' (2018) ಇಲ್ಲಿ ಪ್ರೇಮಭಂಗದ ಹಾಡೆಂದು ಕೂತಿದೆ. ಅದು ಶವಪರೀಕ್ಷೆ ನಡೆಸುವ ವೈದ್ಯರ ಕಥೆಯಿರುವ 'ಅನ್‌ನ್ಯಾಚುರಲ್' ಎಂಬ ಟಿವಿ ಧಾರಾವಾಹಿಗೆಂದು ಬರೆದ ಹಾಡು. ಬರೆಯುತ್ತಿರುವಾಗಲೇ ಯೊನೆಝು ಅವರ ಅಜ್ಜ ತೀರಿಕೊಂಡರು. ಅಂದು ಸ್ಪೀಕರಿನಿಂದ ಹೊರಬಿದ್ದು ಮನೆ ತುಂಬಿದ್ದು ಇದೇ ಹಾಡು. ಅಕ್ಷರವೊಂದೂ ಅರ್ಥವಾಗದ ನಮ್ಮಮ್ಮ ಮೊರ ಹಿಡಿದುಕೊಂಡು ಎರಡು ನಿಮಿಷದಲ್ಲಿ ಗುರುತಿಸಿದ್ದನ್ನು, ಲಕ್ಷಾಂತರ ಕೇಳುಗರ ಲೆಕ್ಕ ಇಟ್ಟುಕೊಂಡ ಯಂತ್ರ ಗುರುತಿಸಿಲ್ಲ. ಸಕಾಮೊತೊ ಕ್ಯೂ ಅವರ 1961ರ 'ಉಎ ಒ ಮುಯ್ತೆ ಆರುಕೋ' ಕೂಡ ಹಾಗೆಯೇ. ಕಣ್ಣೀರು ಕೆಳಗೆ ಬೀಳದಿರಲೆಂದು ಮುಖ ಮೇಲೆತ್ತಿ ನಡೆಯುವ ಆ ಹಾಡಿನ ಸಾಹಿತ್ಯ ಬರೆದ ಎಯ್ ರೊಕುಸುಕೆ ಅವರಿಗೆ, 1960ರಲ್ಲಿ ಅಮೆರಿಕದೊಡನೆ ಆದ ಭದ್ರತಾ ಒಪ್ಪಂದದ ವಿರುದ್ಧದ ಚಳವಳಿ ಸೋತ ನೋವು ಹಿಂದಿತ್ತು. 1963ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಅದೂ 'ಸುಕಿಯಾಕಿ' ಎಂಬ ಹೆಸರಿನಲ್ಲಿ. ಸುಕಿಯಾಕಿ ಎಂದರೆ ದನದ ಮಾಂಸ ಹಾಕಿ ಕುದಿಸುವ ಒಂದು ಅಡುಗೆ. ಹಾಡಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಭಾವಗೀತೆಯೊಂದು ಹೊರದೇಶದಲ್ಲಿ 'ಬೆಣ್ಣೆ ದೋಸೆ' ಎಂಬ ಹೆಸರಿನಲ್ಲಿ ಮನೆಮಾತಾದರೆ ನಾವು ನಗಬೇಕೋ ಅಳಬೇಕೋ ನನಗೆ ತಿಳಿಯದು. ಎರಡೂ ಹಾಡುಗಳು ಅಪ್ಪಟವಾಗಿವೆ, ಆದರೆ ಅವುಗಳ ಮನೆ ಇದಲ್ಲ.

ಇದಕ್ಕಿಂತ ಗಂಭೀರವಾದ ದೋಷ ಒಂದಿದೆ. ಒಂದು ತಿಂಗಳು ಈ ಪಟ್ಟಿಯನ್ನು ಕೇಳಿದ ಮೇಲೆ ಆ್ಯಪ್ ನನ್ನನ್ನು ಭಗ್ನಪ್ರೇಮಿಯೆಂದು ತೀರ್ಮಾನಿಸಿತು. ಬೆಳಗ್ಗೆ ಸುಪ್ರಭಾತ ಹುಡುಕಿದರೂ ಪಕ್ಕದಲ್ಲಿ ಅಳುವ ಹಾಡು, ದಾಸರ ಪದ ಮುಗಿದ ಕೂಡಲೇ ತಾನಾಗಿ ಶುರುವಾಗುವುದು ಅಳುವ ಹಾಡು. ಬೇಡವೆಂದು ಒತ್ತಿದರೂ ಎರಡು ದಿನದಲ್ಲಿ ಬೇರೆ ಹೆಸರಿನಲ್ಲಿ ವಾಪಸ್. ನನಗಾದರೆ ನಗು ಬಂತು. ಹದಿನೇಳರ ಮಗುವಿಗೆ ಚೇತರಿಸಿಕೊಳ್ಳುವ ದಿನ ಬಂದರೂ ಈ ಯಂತ್ರ ಅದನ್ನು ಕಂಡುಹಿಡಿಯುವುದಿಲ್ಲ. ಹಿಂದೆ ಕ್ಯಾಸೆಟ್ಟು ಮುಗಿದರೆ ಟಕ್ಕೆಂದು ನಿಲ್ಲುತ್ತಿತ್ತು, ಎದ್ದು ಹೋಗಿ ಬದಿ ತಿರುಗಿಸಬೇಕಾಗಿತ್ತು, ಏಳುವಾಗ ಹಸಿವು ನೆನಪಾಗುತ್ತಿತ್ತು. ಮಕ್ಕಳ ಮೊಬೈಲಿನಲ್ಲಿ ಹಾಡು ತಾನಾಗಿ ಮುಂದುವರಿಯುವ ಆಯ್ಕೆಯನ್ನು ಆಫ್ ಮಾಡಿಡುವುದು ಒಳ್ಳೆಯದು. ಅದು ಸೆಟ್ಟಿಂಗ್ಸಿನಲ್ಲಿ ಎರಡು ಮೆಟ್ಟಿಲು ಒಳಗಿದೆ, ಹುಡುಕಿದರೆ ಸಿಗುತ್ತದೆ.

ಪಟ್ಟಿಯಲ್ಲಿ ಹತ್ತಾರು ಹಾಡುಗಳು ಶಾಲೆಯ ಬೀಳ್ಕೊಡುಗೆಯ ಸುತ್ತ ಇವೆ. ಜಪಾನಿನಲ್ಲಿ ಶಾಲಾವರ್ಷ ಏಪ್ರಿಲಿನಲ್ಲಿ ಶುರುವಾಗಿ ಮಾರ್ಚಿನಲ್ಲಿ ಮುಗಿಯುತ್ತದೆ. ಕೊನೆಯ ದಿನ ಹುಡುಗಿ ತನಗೆ ಇಷ್ಟವಾದ ಹುಡುಗನ ಸಮವಸ್ತ್ರದ ಎರಡನೆಯ ಗುಂಡಿಯನ್ನು, ಅದು ಎದೆಗೆ ಹತ್ತಿರದ್ದೆಂದು, ಕೇಳಿ ಪಡೆಯುವ ರೂಢಿಯಿದೆ. ಚೆರ್ರಿ ಹೂ ಉದುರುವ ಸಾಲುಗಳನ್ನು ಇಪ್ಪತ್ತು ಹಾಡುಗಳಲ್ಲಿ ಕೇಳಿ ನನಗೆ ಸಾಕಾಯಿತು, ಆದರೆ ಆ ಗುಂಡಿಯ ವಿಚಾರ ಮಾತ್ರ ಮನಸ್ಸಿನಲ್ಲಿ ಕೂತಿತು. ನಮ್ಮಲ್ಲಿಯೂ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚಿನಲ್ಲೇ. ಕೊನೆಯ ಪೇಪರಿನ ದಿನ ಕಾಲೇಜಿನ ಗೇಟಿನ ಹೊರಗೆ ಬಿಳಿ ಅಂಗಿಗಳ ಮೇಲೆ ಪೆನ್ನಿನಿಂದ ಹೆಸರು ಬರೆದುಕೊಳ್ಳುವ ಮಕ್ಕಳನ್ನು ವರ್ಷವೂ ನೋಡುತ್ತೇನೆ. ಯಾರ ಅಂಗಿಯ ಮೇಲೆ ಯಾರು ಹೆಸರು ಬರೆಯದೆ ಹಿಂದೆ ನಿಂತರೆಂಬುದೂ ಕಾಣುತ್ತದೆ.

ಹಾಡುಗಳಿಗೆ ಐದರಲ್ಲಿ ನಾಲ್ಕು, ಜೋಡಣೆಗೆ ಎರಡೂವರೆ, ಅನುವಾದಕ್ಕೆ ಒಂದು ಕೊಡುತ್ತೇನೆ. ಆ ಒಂದೂ ಮೂಲ ಸಾಹಿತ್ಯವನ್ನು ಜೊತೆಗೇ ತೋರಿಸಿದ್ದಕ್ಕಾಗಿ. ಹದಿಮೂರರೊಳಗಿನವರಿಗೆ ಇದು ಬೇಡ, ಅವರಿಗೆ ಬೇಜಾರಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಸಾಹಿತ್ಯ ತಿಳಿಯಬೇಕೆಂದರೆ, ಇಂಗ್ಲಿಷ್ ಅನುವಾದವನ್ನು ಮುಚ್ಚಿಟ್ಟು, ನಿಘಂಟು ನೋಡಿ ಪದದ ಕೆಳಗೆ ಕನ್ನಡ ಪದವನ್ನೇ ಬರೆದುಕೊಂಡು ಹೋಗಲಿ. ಪದಗಳ ಕ್ರಮವನ್ನು ಹೆಚ್ಚೇನೂ ಬದಲಿಸಬೇಕಾಗುವುದಿಲ್ಲ.

ನಾವಿಬ್ಬರೂ ಹಾಗೆಯೇ ಮಾಡಿದೆವು. ರಾತ್ರಿ ಊಟವಾದ ಮೇಲೆ ಅವಳ ಮೇಜಿನ ಮೇಲೆ ರಸಾಯನಶಾಸ್ತ್ರದ ಪುಸ್ತಕದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಾಲು. 'ತಾಬುನ್' ಪದಕ್ಕೆ ನಾನು 'ಬಹುಶಃ' ಎಂದು ಬರೆದದ್ದನ್ನು ಅವಳು ಹೊಡೆದುಹಾಕಿ 'ಇರ್ಬೋದು' ಎಂದು ತಿದ್ದಿದಳು. ಹಾಡಿಗೆ ಅದೇ ಸರಿಯಾಗಿದೆಯೆಂದು ಒಪ್ಪಿಕೊಂಡೆ. ದಸರೆ ರಜೆಯಲ್ಲಿ ಏನಾಯಿತೆಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. 50ರಲ್ಲಿ 28 ಹಾಡುಗಳನ್ನು ಅವಳೇ ತೆಗೆದು 22 ಉಳಿಸಿಕೊಂಡಿದ್ದಾಳೆ. 'ಲೆಮನ್' ತೆಗೆದ ಹಾಡುಗಳಲ್ಲಿ ಒಂದು. ಅದನ್ನು ನನ್ನ ಮೊಬೈಲಿಗೆ ಬೇರೆಯಾಗಿ ಹಾಕಿಕೊಟ್ಟಳು, ಏಕೆಂದರೆ ಅಮ್ಮ ಆಗೊಮ್ಮೆ ಈಗೊಮ್ಮೆ "ಆ ಜಪಾನಿನೋರ ಹಾಡು ಹಾಕು" ಎನ್ನುತ್ತಾರೆ. ಚಂದಾ ಮುಗಿಯಲು ಇನ್ನು ನಾಲ್ಕು ದಿನವಿದೆ. ಪರೀಕ್ಷೆ ಮುಗಿಯುವವರೆಗೆ ಕಟ್ಟುತ್ತೇನೆ. ಜಾಹೀರಾತಿನ ಆ ಸಾಲದವನ ದನಿ ಮತ್ತೆ ಈ ಮನೆಗೆ ಬರುವುದು ಬೇಡ.